ಮಣಿಕಟ್ಟಿನ ಮೇಲೆ ಉಗುರಿನ ಗುರುತು

ನಮ್ಮ ಕಡೆ ಆಸ್ತಮಾ ಅಂದರೆ ಅಷ್ಟಾಗಿ ಯಾರಿಗೂ ತಿಳಿಯುವುದಿಲ್ಲ. ದಮ್ಮು ಅನ್ನಬೇಕು. ನನಗೆ ದಮ್ಮು ಹತ್ತಿ 14 ವರ್ಷ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾದರೆ ಹೋಳಿ ಹುಣ್ಣಿಮೆವರೆಗೂ ಹೊಟ್ಟಿನ ಧೂಳು. ಟೇಬಲ್ ಮೇಲೆ ಬೆರಳಿನಿಂದಲೇ ಹೆಸರು ಬರೆಯಬಹುದು, ಅಷ್ಟು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಾಗ ಮಿಲ್ಲಿನಲ್ಲಿ ಪೇಡೆ ಹಂಚಿದರು. ನಾನು ಕೆಮ್ಮುತ್ತಲೇ ತಿಂದೆ.

ದಮ್ಮಿಗೆ ಮದ್ದು ಹೇಳದವರು ಊರಲ್ಲಿ ಯಾರಿದ್ದಾರೆ? ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ, ಬಾಯಲ್ಲಿ ಮದ್ದಿಟ್ಟ ಜೀವಂತ ಮೀನು ನುಂಗಿ ಬಂದ ಕಾಕಾ ಒಬ್ಬರಿದ್ದಾರೆ. ನಾನು ಮೀನು ಮುಟ್ಟುವವನಲ್ಲ ಅಂದರೆ, "ಬೆಲ್ಲದಾಗೂ ಕೊಡ್ತಾರ, ನಡಿ" ಅಂತ ಇವತ್ತಿಗೂ ಬಿಟ್ಟಿಲ್ಲ.

ದಮ್ಮಿಗೆ ಮೈಯ ಕೆಲವು ಜಾಗ ಬೆರಳಿನಿಂದ ಒತ್ತುವುದನ್ನು ಕಲಿಸಿದ್ದು ಆಳಂದದ ನಮ್ಮ ಅತ್ತಿ, ಅಪ್ಪನ ತಂಗಿ. ಯಾವುದೋ ಆಕ್ಯುಪ್ರೆಶರ್ ಶಿಬಿರದಲ್ಲಿ ಕಲಿತು ಬಂದಿದ್ದರು. "ಕೈ ಕೊಡೋ ತಮ್ಮಾ" ಅಂತ ಎಳೆದುಕೊಂಡರು. ಎರಡೂ ಕೈಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಂದಿ ಇದೆಯಲ್ಲ, ಅವನ್ನು ಒಂದಕ್ಕೊಂದು ಸಿಕ್ಕಿಸಬೇಕು. ಮೇಲಿನ ಕೈಯ ತೋರುಬೆರಳು ತಾನಾಗಿ ಕೆಳಗಿನ ಕೈಯ ಮಣಿಕಟ್ಟು ದಾಟಿ, ಹೆಬ್ಬೆರಳ ಕಡೆಯ ಎಲುಬಿನ ಮೇಲೆ ಕೂರುತ್ತದೆ. ಅದರ ತುದಿಗೆ ಸಣ್ಣದೊಂದು ತಗ್ಗು ಸಿಗುತ್ತದೆ. ಚೀನಾದವರ ಲೆಕ್ಕದಲ್ಲಿ ಅದು ಶ್ವಾಸಕೋಶದ ಸಾಲಿನ ಏಳನೇ ಬಿಂದು. ನಮ್ಮ ಅತ್ತಿಯ ಪಾಲಿಗೆ ಅದು ದಮ್ಮಿನ ಗುಂಡಿ. ಇನ್ನೊಂದು ಜಾಗ ಬೆನ್ನ ಕಡೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಎಲುಬು, ಅದರ ಎಡಕ್ಕೆ, ಬಲಕ್ಕೆ ಅರ್ಧ ಹೆಬ್ಬೆರಳಿನ ಅಗಲದಷ್ಟು ದೂರ. ಚೀನೀ ಭಾಷೆಯಲ್ಲಿ ಅದರ ಹೆಸರು ಡಿಂಗ್‌ಚುವಾನ್. ಅರ್ಥವೇ ಉಬ್ಬಸ ತಗ್ಗಿಸುವುದು. ಇಷ್ಟು ಚೆಂದದ ಹೆಸರು ಕೇಳಿದ ಮೇಲೆ ನಂಬದೆ ಇರಲು ಆಗುತ್ತಾ?

ನಂಬಿದೆ. ಜಾಸ್ತಿಯೇ ನಂಬಿದೆ.

ಎರಡು ವರ್ಷದ ಹಿಂದೆ, ಜನವರಿ. ಅವತ್ತು ಗೋದಾಮು ಗುಡಿಸಿದ್ದರು. ರಾತ್ರಿ ಎರಡಕ್ಕೆ ಎದೆ ಬಿಗಿಯಿತು. ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪ್, ಅಂದರೆ ಇನ್‌ಹೇಲರ್, ಕಪಾಟಿನಲ್ಲೇ ಇತ್ತು. ಆದರೆ ಒಮ್ಮೆ ಪಂಪ್ ಹಿಡಿದರೆ ಅದು ಬಿಡಲ್ಲ ಅಂತ ತಲೆಯಲ್ಲಿ ಕೂತಿತ್ತಲ್ಲ, ಮುಟ್ಟಲಿಲ್ಲ. ಗೋಡೆಗೆ ಒರಗಿ ಮಣಿಕಟ್ಟು ಒತ್ತುತ್ತಾ ಕೂತೆ. ಮುಕ್ಕಾಲು ಗಂಟೆ ಆಯಿತು. ಎದೆಯೊಳಗಿನ ಸುಂಯ್ ಸುಂಯ್ ಸಪ್ಪಳ ಮೆಲ್ಲಗೆ ನಿಂತಿತು. ಹೆಂಡತಿಗೆ ಕೈಸನ್ನೆ ಮಾಡಿದೆ, ಕಡಿಮೆ ಆಯಿತು ಅಂತ. ಬಾಯಲ್ಲಿ ಹೇಳಲು ಎರಡು ಮಾತೂ ಹೊರಡುತ್ತಿರಲಿಲ್ಲ.

"ಏನ್ ಒತ್ಲಾಕತ್ತೀರಿ, ತುಟಿ ನೋಡ್ಕೋರಿ ಹ್ಯಾಂಗ ಆಗ್ಯಾವ!" ಅಂದವಳೇ ಪಕ್ಕದ ಮನೆಯ ಆಟೋದವನನ್ನು ಎಬ್ಬಿಸಿದಳು.

ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬುಲೈಜರ್, ಇಂಜೆಕ್ಷನ್. ಬೆಳಗ್ಗೆ ಡಾಕ್ಟರ್ ನಾಡಿ ಹಿಡಿಯಲು ಕೈ ತಿರುಗಿಸಿದರೆ ಮಣಿಕಟ್ಟಿನ ಮೇಲೆ ಸಾಲಾಗಿ ಅರ್ಧಚಂದ್ರದಂಥ ಗಾಯ, ನನ್ನದೇ ಉಗುರಿನವು. "ಇವೇನ್ರಿ?" ಅಂದರು. ಹೇಳಿದೆ. ನಗಲಿಲ್ಲ. ಸಪ್ಪಳ ನಿಂತಿದ್ದು ಗುಣವಾಗಿ ಅಲ್ಲ, ಸಪ್ಪಳ ಮಾಡುವಷ್ಟು ಗಾಳಿಯೂ ಒಳಗೆ ಆಡುತ್ತಿರಲಿಲ್ಲ ಅಂತ ತಿಳಿಸಿದರು. ಅದೇ ಎಲ್ಲಕ್ಕಿಂತ ಅಪಾಯದ ಹೊತ್ತಂತೆ. ಉಸಿರಿನ ಕೊಳವೆಯ ಸುತ್ತ ಇರುವ ಸ್ನಾಯು ಬಿಗಿದಾಗ ಅದನ್ನು ಸಡಿಲ ಮಾಡುವುದು ಪಂಪಿನ ಔಷಧಿ, ಕೈ ಒತ್ತಿದರೆ ಅದು ಸಡಿಲ ಆಗುವುದಿಲ್ಲ. "ಒತ್ಕೋಬ್ಯಾಡ್ರಿ ಅನ್ನಲ್ಲ. ಮೊದಲ ಪಂಪ್ ಒತ್ರಿ, ಆಮ್ಯಾಲ ಕೈ."

ಪಂಪ್ ಹಿಡಿಯುವುದೂ ನನಗೆ ಬರುತ್ತಿರಲಿಲ್ಲ ಅಂತ ಗೊತ್ತಾಗಿದ್ದು ಅಲ್ಲೇ. ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಎಳೆದುಕೊಳ್ಳಲು ಶುರು ಮಾಡುವಾಗಲೇ ಒತ್ತಿ, ನಿಧಾನಕ್ಕೆ ಎಳೆದು, 10 ಸೆಕೆಂಡ್ ತಡೆಯಬೇಕು. ನಾನು ಇಷ್ಟು ವರ್ಷ ನಾಲಿಗೆಗೆ ಹೊಡೆದುಕೊಂಡಿದ್ದೆ. ದಿನಾ ತೆಗೆದುಕೊಳ್ಳುವ ಇನ್ನೊಂದು ಸ್ಟಿರಾಯ್ಡ್ ಪಂಪ್ ಕೊಟ್ಟರು. ಅದಾದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣು.

ಒತ್ತುವುದನ್ನು ಬಿಟ್ಟಿಲ್ಲ. ಪಂಪ್ ಒಳಗೆ ಹೋಗಿ ಕೆಲಸ ಮಾಡಲು ಕೆಲವು ನಿಮಿಷ ಬೇಕಲ್ಲ, ಆ ನಿಮಿಷಗಳು ಬಹಳ ಉದ್ದ. ಹೆದರಿಕೆಗೆ ಉಸಿರು ಇನ್ನೂ ಚಿಕ್ಕದಾಗುತ್ತದೆ. ಆಗ ಆ ತಗ್ಗಿನಲ್ಲಿ ಬೆರಳಿಟ್ಟು ಎಣಿಸುತ್ತೇನೆ. ಕಿವಿಗೆ ಏರಿದ್ದ ಹೆಗಲು ಕೆಳಗೆ ಇಳಿಯುತ್ತದೆ. ಭಾನುವಾರ ಹೆಂಡತಿ ಕತ್ತಿನ ಹಿಂದೆ ಒತ್ತಿಕೊಡುತ್ತಾಳೆ. ಜೋಳದ ರೊಟ್ಟಿ ಬಡಿದ ಕೈ, ಕಣ್ಣಲ್ಲಿ ನೀರು ಬರುತ್ತದೆ. ಸುಖವೂ ಇದೆ. ಉಗುರು ಮಾತ್ರ ಈಗ ವಾರಕ್ಕೊಮ್ಮೆ ಕತ್ತರಿಸುತ್ತೇನೆ.

ಹೋದ ವಾರ ಅತ್ತಿ ಬಂದಿದ್ದರು. ಅಂಗಿ ಜೇಬಿನ ಪಂಪ್ ತೆಗೆದು, ತಿರುಗಿಸಿ ನೋಡಿ, ಗಾಳಿಗೆ ಒಮ್ಮೆ ಒತ್ತಿ ಮೂಸಿದರು.

"ಏನೂ ಕಾಣವಲ್ದು, ವಾಸನಿನೂ ಇಲ್ಲ. ಇದಕ್ಕ ರೊಕ್ಕ ಬ್ಯಾರೆ ಕೊಡ್ತೀಯೇನೋ?"

ಇನ್ನೊಮ್ಮೆ ಒತ್ತುವಷ್ಟರಲ್ಲಿ ಕಸಿದುಕೊಂಡೆ.