ಮಡಿಕೇರಿ ಎತ್ತರದಲ್ಲಿ ಹಳೇ ಕಾರು ಎಳೆಯದಿದ್ದರೆ: ಕಾರ್ಬುರೇಟರ್‌ಗೆ ಕೈ ಹಾಕುವ ಮೊದಲು

ಹಳೇ ಕಾರು ಏರು ಹತ್ತುತ್ತಿಲ್ಲ ಅಂದ ಕೂಡಲೇ ಎಲ್ಲರೂ ಬೊಟ್ಟು ಮಾಡುವುದು ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್ ಕಡೆಗೆ. ನಮ್ಮ ಕೊಡಗಿನಲ್ಲಿ ಇದು ಇನ್ನೂ ಜಾಸ್ತಿ. ಇಲ್ಲಿನ ಎಸ್ಟೇಟ್ ಶೆಡ್ಡುಗಳಲ್ಲಿ ಅಪ್ಪ, ಅಜ್ಜನ ಕಾಲದ ಅಂಬಾಸಿಡರ್, ಪದ್ಮಿನಿ, ಪೆಟ್ರೋಲ್ ಜೀಪುಗಳು ಇನ್ನೂ ಇವೆ. ಮಳೆಗಾಲ ಪೂರ್ತಿ ನಿಂತೇ ಇರುತ್ತವೆ. ಹುತ್ತರಿ ಹಬ್ಬಕ್ಕೋ ಮನೆಯ ಮದುವೆಗೋ ಹೊರಗೆ ತೆಗೆದರೆ ಮಿಸ್ಸಿಂಗ್, ಪಿಕಪ್ ಇಲ್ಲ, ಹೊಗೆ. ಗ್ಯಾರೇಜಿಗೆ ಬರುವಾಗಲೇ ಮಾಲೀಕರು ತೀರ್ಪು ಬರೆದುಕೊಂಡು ಬರುತ್ತಾರೆ: "ಕಾರ್ಬುರೇಟರ್ ಹೋಗಿದೆ, ಬಿಚ್ಚಿ ಕ್ಲೀನ್ ಮಾಡಿ."

ನಾನು ಮಡಿಕೇರಿಯಲ್ಲಿ ಇಂಥ ಗಾಡಿಗಳನ್ನೇ ಹೆಚ್ಚಾಗಿ ನೋಡುವವನು. ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲು ಹೇಳುವುದು ಒಂದೇ. ಕಾರ್ಬುರೇಟರ್ ಕೊನೆಗೆ. ಮೊದಲು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ), ಆಮೇಲೆ ಸ್ಪಾರ್ಕ್ ಮತ್ತು ಟೈಮಿಂಗ್ (ಸ್ಪಾರ್ಕ್ ಬರುವ ಹೊತ್ತು), ಆಮೇಲೆ ಪೆಟ್ರೋಲ್ ಬರುತ್ತಿದೆಯಾ ಅಂತ, ಎಲ್ಲ ಮುಗಿದ ಮೇಲೆ ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ. ಯಾಕೆ ಅಂತ ಹೇಳಲು ಒಂದು ಕಾರಿನ ಕಥೆ ಸಾಕು.

ಸುಂಟಿಕೊಪ್ಪ ಕಡೆಯ ಹಿರಿಯ ಪ್ಲಾಂಟರ್ ಒಬ್ಬರ ಪೆಟ್ರೋಲ್ ಅಂಬಾಸಿಡರ್. 1489 ಸಿಸಿ ಎಂಜಿನ್, ಎಸ್‌ಯು ಕಾರ್ಬುರೇಟರ್. ಮಂಗಳೂರಿನಿಂದ ವಾಪಸ್ ಬರುವಾಗ ಸಂಪಾಜೆ ತನಕ ಚೆನ್ನಾಗಿಯೇ ಓಡುತ್ತಿತ್ತಂತೆ. ಕೊಯನಾಡು ದಾಟಿ ಏರು ಶುರುವಾದ ಮೇಲೆ ಬಲವೇ ಇಲ್ಲ. ಜೋಡುಪಾಲ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ. ಘಟ್ಟದ ಕೆಳಗಿನ ಒಂದು ಗ್ಯಾರೇಜಿನಲ್ಲಿ ಹೊಸ ಕಾರ್ಬುರೇಟರ್ ಹಾಕಿಸಿಕೊಂಡಿದ್ದರು. ಆದರೂ ಅದೇ ಕಥೆ. ಅಲ್ಲೇ ಯಾರೋ ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ಮಾಪಕ) ಕೊಟ್ಟು, ಹದಿನೆಂಟಕ್ಕಿಂತ ಕಡಿಮೆ ತೋರಿಸಿದರೆ ಎಂಜಿನ್ ಬಿಚ್ಚಿ ಸಿಲಿಂಡರ್ ಬೋರ್ ಮಾಡಿಸಬೇಕು ಅಂದಿದ್ದರಂತೆ. ಮನೆಗೆ ತಂದು ನೋಡಿದರೆ ಹದಿನೈದು. ಪಾಪ, ಆ ಯಜಮಾನರು ಹೆದರಿಬಿಟ್ಟಿದ್ದರು. "ಅಪ್ಪ ತಗೊಂಡ ಕಾರು, ಎಂಜಿನ್ ಬಿಚ್ಚಿಸೋದು ಬೇಡ ಅಂತ ಆಸೆ, ನೀವು ಒಮ್ಮೆ ನೋಡಿ" ಅಂದರು.

ನಾನು ಮೊದಲು ಹೇಳಿದ್ದು ಆ ಗೇಜಿನ ಬಗ್ಗೆ. "ಸಾರ್, ಹದಿನೈದು ಅಂದರೆ ನಮ್ಮ ಊರಿಗೆ ಒಳ್ಳೇ ನಂಬರ್."

ಇದು ನಮ್ಮ ಕಡೆಯ ಮೆಕ್ಯಾನಿಕ್‌ಗಳು ತಲೆಯಲ್ಲಿ ಇಟ್ಟುಕೊಳ್ಳಲೇಬೇಕಾದ ವಿಷಯ. ಪುಸ್ತಕದಲ್ಲಿ, ಗೇಜಿನ ಡಬ್ಬಿಯ ಮೇಲೆ ಬರೆದಿರುವ ಅಂಕಿಗಳೆಲ್ಲ ಸಮುದ್ರಮಟ್ಟದವು. ಮಡಿಕೇರಿ ಇರುವುದು ಸುಮಾರು 3,800 ಅಡಿ ಎತ್ತರದಲ್ಲಿ. ಪ್ರತಿ 1,000 ಅಡಿಗೆ ವ್ಯಾಕ್ಯೂಮ್ ಗೇಜಿನಲ್ಲಿ ಸುಮಾರು ಒಂದು ಇಂಚು (ಪಾದರಸದ ಇಂಚು, ಗೇಜಿನ ಅಳತೆ) ಕಡಿಮೆ ತೋರಿಸುತ್ತದೆ. ಮಂಗಳೂರಿನಲ್ಲಿ ಐಡ್ಲಿಂಗ್‌ನಲ್ಲಿ (ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ) 19 ತೋರಿಸುವ ಆರೋಗ್ಯವಂತ ಎಂಜಿನ್ ಇಲ್ಲಿ 15 ತೋರಿಸುತ್ತದೆ. ಎಂಜಿನ್ ಸವೆದದ್ದಲ್ಲ, ಗಾಳಿಯೇ ತೆಳು. ಕಂಪ್ರೆಷನ್ ಗೇಜಿಗೂ ಇದೇ ಲೆಕ್ಕ. ಕೆಳಗೆ 130 ಪೌಂಡ್ ತೋರಿಸುವ ಸಿಲಿಂಡರ್ ಇಲ್ಲಿ 115ರ ಆಸುಪಾಸು ತೋರಿಸುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಒಳ್ಳೇ ಎಂಜಿನ್‌ಗಳನ್ನು ಸುಮ್ನೆ ಬಿಚ್ಚಿದ್ದಾರೋ ಅಂತ ನೆನೆದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಅಂಕಿಗಿಂತ ಮುಖ್ಯ ಮುಳ್ಳು ಹೇಗೆ ಆಡುತ್ತದೆ ಅನ್ನುವುದು. ಒಂದೇ ತಾಳದಲ್ಲಿ ಟಕ್ ಟಕ್ ಅಂತ ಕೆಳಗೆ ಬಿದ್ದು ಏಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಅನ್ನುವ ಅನುಮಾನ. ಅಲುಗಾಡದೆ ನಿಂತು, ತೀರಾ ಕೆಳಗಿದ್ದರೆ ಟೈಮಿಂಗ್ ತಡವಾಗಿದೆ, ಇಲ್ಲವೇ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹತ್ತಿರ ಗಾಳಿ ಸೋರುತ್ತಿದೆ. ಈ ಕಾರಿನ ಮುಳ್ಳು ಹದಿನೈದರಲ್ಲಿ ಗಟ್ಟಿಯಾಗಿ ನಿಂತಿತ್ತು. ಆದರೂ ಕಂಪ್ರೆಷನ್ ನೋಡಿದೆವು. ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಳ್ಳೇ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಕು. ಆಕ್ಸಿಲರೇಟರ್ ಒತ್ತದೆ ನೋಡಿದರೆ ಗಾಳಿ ಒಳಗೆ ಬಾರದೆ ಅಂಕಿ ಸುಳ್ಳು ಹೇಳುತ್ತದೆ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಬಂದವು. ಒಂದರಲ್ಲಿ ಕಡಿಮೆ ಬಂದಿದ್ದರೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡುತ್ತಿದ್ದೆವು. ಆಗ ಏರಿದರೆ ಪಿಸ್ಟನ್ ರಿಂಗ್ ತೊಂದರೆ, ಏರದಿದ್ದರೆ ವಾಲ್ವ್ ತೊಂದರೆ. ಇಲ್ಲಿ ಅದರ ಅಗತ್ಯವೇ ಬರಲಿಲ್ಲ. ಎಂಜಿನ್ ಗಟ್ಟಿಯಾಗಿತ್ತು.

ಬಿಚ್ಚಿದ ಪ್ಲಗ್‌ಗಳು ಒಣ ಮಸಿ ಹಿಡಿದು ಕಪ್ಪಾಗಿದ್ದವು. ಪೆಟ್ರೋಲ್ ಜಾಸ್ತಿ ಆಗಿದೆ ಅನ್ನುವುದಕ್ಕೆ ಸಾಕ್ಷಿ. ನಮ್ಮ ಹುಡುಗ ತಕ್ಷಣ "ಅಣ್ಣ, ಮಿಕ್ಸ್ಚರ್ ರಿಚ್ ಆಗಿದೆ, ಸ್ವಲ್ಪ ಟೈಟ್ ಮಾಡೋಣ್ವಾ?" ಅಂದ. ಅವನು ನೋಡಿದ್ದು ಸರಿ. ಆದರೆ ಅದು ಕಾಯಿಲೆಯಾ, ಯಾರೋ ಮಾಡಿದ ಔಷಧಿಯಾ ಅಂತ ಇನ್ನೂ ಗೊತ್ತಿರಲಿಲ್ಲ. ಮಿಕ್ಸ್ಚರ್ ರಿಚ್ ಆದರೆ ಐಡ್ಲಿಂಗ್ ಕೂಡ ಕೆಡಬೇಕು, ಮೈಲೇಜ್ ಇಳಿಯಬೇಕು. ಏರಿನಲ್ಲಿ ಎಂಜಿನ್ ಬಿಸಿಯಾಗುವುದನ್ನು ಅದು ವಿವರಿಸುವುದಿಲ್ಲ. ಬಲ ಇಲ್ಲ ಮತ್ತು ಬಿಸಿ ಆಗುತ್ತದೆ, ಈ ಎರಡೂ ಒಟ್ಟಿಗೆ ಬಂದರೆ ನನ್ನ ಕಣ್ಣು ಟೈಮಿಂಗ್ ಕಡೆಗೆ ಹೋಗುತ್ತದೆ.

ವ್ಯಾಕ್ಯೂಮ್ ಅಡ್ವಾನ್ಸಿನ (ಎಂಜಿನ್ ಗಾಳಿ ಎಳೆಯುವ ಬಲದಿಂದ ಸ್ಪಾರ್ಕ್ ಮುಂಚಿತವಾಗಿ ತರುವ ಭಾಗ) ಪೈಪ್ ಬಿಚ್ಚಿಟ್ಟು, ಸ್ಪಾರ್ಕ್ ಬಂದಾಗಲೆಲ್ಲ ಮಿಂಚಿ ಎಂಜಿನ್ ಪುಲ್ಲಿಯ ಗುರುತು ತೋರಿಸುವ ಟೈಮಿಂಗ್ ಲೈಟ್ ಹಿಡಿದೆವು. ಐಡ್ಲಿಂಗ್‌ನಲ್ಲಿ ಗುರುತು ಸರಿಯಾದ ಜಾಗದಲ್ಲೇ ಇತ್ತು. ಇಲ್ಲಿಗೇ ಬಹಳ ಮಂದಿ ಲೈಟ್ ಆಫ್ ಮಾಡಿಬಿಡುತ್ತಾರೆ. ನಾನು ಹುಡುಗನಿಗೆ ಆಕ್ಸಿಲರೇಟರ್ ಏರಿಸಲು ಹೇಳಿದೆ. ಎಂಜಿನ್ ಕೂಗಿತು, ಗುರುತು ಇದ್ದಲ್ಲೇ ಇತ್ತು. ಒಂದಿಷ್ಟೂ ಸರಿಯಲಿಲ್ಲ. ಕಾಯಿಲೆ ಸಿಕ್ಕಿತು.

ವಿಷಯ ಇಷ್ಟೇ. ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿ ಉರಿಯಲು ಒಂದಿಷ್ಟು ಸಮಯ ಬೇಕು. ಎಂಜಿನ್ ಜೋರಾಗಿ ತಿರುಗಿದಷ್ಟೂ ಪಿಸ್ಟನ್‌ಗೆ ಆ ಸಮಯ ಇರುವುದಿಲ್ಲ. ಅದಕ್ಕೇ ವೇಗ ಏರಿದಂತೆ ಸ್ಪಾರ್ಕ್ ಮುಂಚಿತವಾಗಿ ಬರಬೇಕು. ಹಳೇ ಕಾರಿನಲ್ಲಿ ಆ ಕೆಲಸ ಮಾಡುವುದು ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಪ್ಲೇಟ್ ಕೆಳಗಿರುವ ಎರಡು ಸಣ್ಣ ತೂಕದ ತುಂಡುಗಳು. ವೇಗಕ್ಕೆ ಅವು ಹೊರಗೆ ಹಾರುತ್ತವೆ, ಎರಡು ಸ್ಪ್ರಿಂಗ್ ಅವನ್ನು ವಾಪಸ್ ಎಳೆಯುತ್ತವೆ. ಮಳೆಗಾಲ ಪೂರ್ತಿ ತೇವದ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಇವು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಆಗ ಎಂಜಿನ್ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಚೆನ್ನಾಗಿರುತ್ತದೆ, ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಏರಿನಲ್ಲಿ ಬೆಂಕಿ ತಡವಾಗಿ ಹತ್ತುತ್ತದೆ. ಪಿಸ್ಟನ್ ಆಗಲೇ ಕೆಳಗೆ ಹೊರಟಿರುತ್ತದೆ. ತಳ್ಳಬೇಕಾದ ಶಕ್ತಿ ಬಿಸಿಯಾಗಿ ಎಕ್ಸಾಸ್ಟ್‌ಗೂ ರೇಡಿಯೇಟರ್‌ಗೂ ಹೋಗುತ್ತದೆ. ಹೊಸ ಕಾರ್ಬುರೇಟರ್ ಹಾಕಿ ಇದನ್ನು ಹೇಗೆ ಸರಿ ಮಾಡಲು ಸಾಧ್ಯ?

ಇದನ್ನು ಹಿಡಿಯಲು ಲೈಟ್ ಕೂಡ ಬೇಕಿಲ್ಲ. ಎಂಜಿನ್ ಆಫ್ ಮಾಡಿ, ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ರೋಟರನ್ನು ಅದು ತಿರುಗುವ ದಿಕ್ಕಿಗೆ ಬೆರಳಿನಿಂದ ಸ್ವಲ್ಪ ತಿರುಗಿಸಿ ಬಿಡಿ. ಸ್ಪ್ರಿಂಗ್ ಎಳೆದು ವಾಪಸ್ ಬರಬೇಕು. ಅಲುಗಾಡದಿದ್ದರೆ ತೂಕ ಕಚ್ಚಿದೆ. ತಿರುಗಿ ಅಲ್ಲೇ ಉಳಿದರೆ ಸ್ಪ್ರಿಂಗ್ ಹೋಗಿದೆ, ಇಲ್ಲವೇ ಒಳಗೆ ಬಿಗಿ ಇದೆ. ವ್ಯಾಕ್ಯೂಮ್ ಅಡ್ವಾನ್ಸಿನ ಸಣ್ಣ ಪೈಪನ್ನು ಕಾರ್ಬುರೇಟರ್ ಕಡೆಯಿಂದ ಬಿಚ್ಚಿ ಬಾಯಲ್ಲಿ ಎಳೆದರೆ ಪಾಯಿಂಟ್ ಪ್ಲೇಟ್ ಸರಿಯಬೇಕು, ಪೈಪನ್ನು ನಾಲಿಗೆಯಿಂದ ಮುಚ್ಚಿದರೆ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಒಳಗಿನ ಡಯಾಫ್ರಮ್ ಹರಿದಿದೆ. ಈ ಕಾರಿನಲ್ಲಿ ಅದು ಚೆನ್ನಾಗಿತ್ತು.

ಡಿಸ್ಟ್ರಿಬ್ಯೂಟರ್ ಹೊರಗೆ ತೆಗೆದು ಪ್ಲೇಟ್ ಬಿಚ್ಚಿದಾಗ ತೂಕದ ಪಿನ್ನುಗಳು ಕೆಂಪಗೆ ತುಕ್ಕು ತಿಂದಿದ್ದವು. ತೊಳೆದು, ನುಣ್ಣಗೆ ಉಜ್ಜಿ, ತೆಳುವಾಗಿ ಎಣ್ಣೆ ಹಚ್ಚಿ ಕೂರಿಸಿದೆವು. ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ), ಪ್ಲಗ್ ಗ್ಯಾಪ್ 25 ಥೌ. ಲೈಟ್ ಹಿಡಿದರೆ ಈಗ ಗುರುತು ನಾಚದೆ ಸರಿಯುತ್ತಿತ್ತು.

ಅಷ್ಟಾದ ಮೇಲೂ ಪೆಟ್ರೋಲ್ ಲೈನ್ ನೋಡದೆ ಬಿಡಲಿಲ್ಲ. ಪೈಪನ್ನು ಕಾರ್ಬುರೇಟರ್ ಹತ್ತಿರ ಬಿಚ್ಚಿ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದಾಗ ಪಂಪು ದಪ್ಪಗೆ ಚಿಮ್ಮಬೇಕು. ಹಾಗೆಯೇ ಚಿಮ್ಮಿತು. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದರೂ ಏರಿನಲ್ಲಿ ಎಂಜಿನ್ ಸೋಲುತ್ತದೆ. ತೋಟದ ಶೆಡ್ಡಿನಲ್ಲಿ ಕಣಜಗಳು ಇಂಥ ಸಣ್ಣ ತೂತಿಗೆಲ್ಲ ಮಣ್ಣು ಮೆತ್ತಿ ಗೂಡು ಕಟ್ಟುತ್ತವೆ. ಗಾಡಿ ಸೋತಾಗ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಬುಸ್ ಅಂತ ಗಾಳಿ ಎಳೆದುಕೊಂಡರೆ ಅದೇ ಕಾರಣ.

ಈಗ ಕಾರ್ಬುರೇಟರ್. ಬಲ ಇಲ್ಲ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಂಡು ಯಾರೋ ಎಸ್‌ಯು ಕೆಳಗಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ನಳಿಕೆ) ನಟ್ಟನ್ನು ಚೆನ್ನಾಗಿ ಕೆಳಗೆ ಇಳಿಸಿದ್ದರು. ಕೆಳಗೆ ಇಳಿಸಿದರೆ ರಿಚ್ (ಪೆಟ್ರೋಲ್ ಜಾಸ್ತಿ), ಮೇಲೆ ಏರಿಸಿದರೆ ಲೀನ್ (ಪೆಟ್ರೋಲ್ ಕಡಿಮೆ). ನಟ್ಟನ್ನು ಪೂರ್ತಿ ಮೇಲೆ ತಂದು, ಅಲ್ಲಿಂದ ಎರಡು ಸುತ್ತು ಕೆಳಗೆ ಇಳಿಸಿ ಶುರು ಮಾಡಿದೆವು. ಮೇಲಿನ ಡ್ಯಾಂಪರಿನಲ್ಲಿ ಎಣ್ಣೆ ಇದೆಯಾ ನೋಡಿದೆವು. ಆಮೇಲೆ ಎಂಜಿನ್ ಬಿಸಿಯಾದ ಮೇಲೆ ಪಿನ್ ಒತ್ತಿ ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತುವ ಪರೀಕ್ಷೆ. ಎಂಜಿನ್ ವೇಗ ಏರಿ ಹಾಗೇ ನಿಂತರೆ ರಿಚ್. ಕುಸಿದು ನಿಲ್ಲಲು ನೋಡಿದರೆ ಲೀನ್. ಒಂದು ಕ್ಷಣ ಸ್ವಲ್ಪ ಏರಿ ವಾಪಸ್ ಬಂದರೆ ಸರಿ. ನಟ್ಟಿಗೆ ಆರು ಮುಖ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ ಮತ್ತೆ ಪರೀಕ್ಷೆ. ಅವಸರ ಮಾಡುವವರಿಗೆ ಈ ಕೆಲಸ ಆಗದು.

ಎಲ್ಲಿ ಟ್ಯೂನ್ ಮಾಡುತ್ತೀರಿ ಅನ್ನುವುದೂ ಮುಖ್ಯ. ಎತ್ತರಕ್ಕೆ ಬಂದಾಗ ಗಾಳಿ ತೆಳುವಾಗುತ್ತದೆ, ಆದರೆ ಜೆಟ್ಟಿನಿಂದ ಬರುವ ಪೆಟ್ರೋಲ್ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮಂಗಳೂರಿನಲ್ಲಿ ಸರಿ ಮಾಡಿದ ಕಾರು ಮಡಿಕೇರಿಯಲ್ಲಿ ಸುಮಾರು ಶೇ. 6ರಷ್ಟು ರಿಚ್ ಆಗುತ್ತದೆ. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಇದಕ್ಕೆ ಉಲ್ಟಾ. ಬರೀ ಪೆಟ್ರೋಲ್ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕು, ಈ ಮಿಶ್ರಣಕ್ಕೆ 13.5ರ ಹತ್ತಿರ ಸಾಕು. ಅದೇ ಜೆಟ್ಟಿನಲ್ಲಿ ಅದು ಲೀನ್ ಆಗುತ್ತದೆ. ನಮ್ಮ ಎತ್ತರದಲ್ಲಿ ಇವೆರಡೂ ಒಂದನ್ನೊಂದು ಬಹುಪಾಲು ತೂಗಿಸಿಬಿಡುತ್ತವೆ. ಆದರೆ ಇಲ್ಲಿ ಬಿಗಿಯಾಗಿ ಲೀನ್ ಮಾಡಿದ ಕಾರು ಘಟ್ಟ ಇಳಿದರೆ ಇನ್ನೂ ಲೀನ್ ಆಗಿ ಬಿಸಿಯಾಗುತ್ತದೆ. ಯಜಮಾನರು ಆಸ್ಪತ್ರೆಗೆ, ಮಗಳ ಮನೆಗೆ ಅಂತ ಮಂಗಳೂರಿಗೆ ಹೋಗುತ್ತಿರುತ್ತಾರೆ. ಅದಕ್ಕೇ ಒಂದು ಮುಖ ರಿಚ್ ಕಡೆಗೇ ಬಿಟ್ಟೆ.

ಗಾಡಿ ಸಂಪಾಜೆ ತನಕ ಇಳಿಸಿ ವಾಪಸ್ ಹತ್ತಿಸಿದೆವು. ಮದೆನಾಡು ತನಕವೂ ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇತ್ತು. ತೂಕದ ತುಂಡುಗಳು ಮತ್ತೆ ಕಚ್ಚಬಾರದು ಅಂದರೆ ಜೂನ್‌ಗೆ ಮೊದಲು ರೋಟರ್ ಎತ್ತಿ ಅದರ ಕೆಳಗಿನ ತೂತಿಗೆ ಎರಡು ಹನಿ ಎಂಜಿನ್ ಆಯಿಲ್ ಬಿಡಿ, ಪ್ಲೇಟಿನ ಸಂದಿಯಿಂದ ತೂಕದ ಮೇಲೆ ಇನ್ನೊಂದು ಹನಿ. ಪಾಯಿಂಟ್ ಮೇಲೆ ಎಣ್ಣೆ ಬಿದ್ದರೆ ಸ್ಪಾರ್ಕ್ ಕೆಡುತ್ತದೆ, ಒಣ ಬಟ್ಟೆಯಲ್ಲಿ ಒರೆಸಿಯೇ ಮುಚ್ಚಳ ಹಾಕಿ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಗೇಟಿನಾಚೆ ಓಡಿಸಿ ತನ್ನಿ ಅಂತ ಯಜಮಾನರಿಗೂ ಹೇಳಿ ಕಳಿಸಿದ್ದೇನೆ.