ಬಿಯರ್ ಉಕ್ಕಿದರೆ ಏರ್‌ಲಾಕ್ ಬದಿಗಿಡಿ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತಿದ್ದೀರಿ. ಯೀಸ್ಟ್ ಹಾಕಿದ ಮರುದಿನ ಬಕೆಟ್ಟಿನ ಮುಚ್ಚಳ ಪೂರಿಯ ಹಾಗೆ ಉಬ್ಬಿದೆ, ಏರ್‌ಲಾಕಿನೊಳಗೆ (ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ, ಮುಚ್ಚಳಕ್ಕೆ ಸಿಕ್ಕಿಸುವ ಪುಟ್ಟ ಸಾಧನ) ನೀರಿನ ಬದಲು ಕಂದು ನೊರೆ, ಗುಳುಗುಳು ಸದ್ದು ಮಾತ್ರ ನಿಂತಿದೆ. ಹಾಗಂದರೆ ಹುದುಗುವುದು ಮುಗಿಯಿತು ಅಂತಲ್ಲ, ದಾರಿ ಕಟ್ಟಿಕೊಂಡಿತು ಅಂತ. ಮೇಲೆ ಟವೆಲ್ ಹೊದಿಸಿ, ಮುಖ ದೂರವಿಟ್ಟು, ಮುಚ್ಚಳದ ಒಂದು ಅಂಚನ್ನಷ್ಟೇ ಮೆಲ್ಲಗೆ ಎತ್ತಿ ಅನಿಲ ಬಿಡಿ. ಅವಸರಕ್ಕೆ ಏರ್‌ಲಾಕನ್ನೇ ಕಿತ್ತರೆ ನೊರೆ ಪಿಚಕಾರಿಯಂತೆ ಸೂರಿಗೆ ಹಾರುತ್ತದೆ. ಬಕೆಟ್ ಬದಲು ಗಾಜಿನ ಕಾರ್ಬಾಯ್ (ಕಿರಿದಾದ ಕುತ್ತಿಗೆಯ ದೊಡ್ಡ ಸೀಸೆ) ಆದರೆ ಇನ್ನೂ ಹುಷಾರು, ಒತ್ತಡಕ್ಕೆ ಗಾಜೇ ಒಡೆಯಬಹುದು.

ಅಮೆರಿಕದ ಮಾಮೂಲಿ ಬಿಯರ್ ಕಿಟ್ 5 ಗ್ಯಾಲನ್, ಅಂದರೆ 19 ಲೀಟರ್. (ಊರಿಗೆ ಬಂದಾಗ ಮಾಡುವ ಯೋಚನೆ ಬೇಡ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.) 1.050 ಗ್ರಾವಿಟಿಯ (ನೀರಿಗೆ ಹೋಲಿಸಿದ ಸಾಂದ್ರತೆ) ಅಷ್ಟು ವರ್ಟ್, ಅಂದರೆ ಇನ್ನೂ ಹುದುಗದ ಸಿಹಿ ಮಾಲ್ಟ್ ರಸ, ಬಿಯರ್ ಆಗುವಷ್ಟರಲ್ಲಿ ಹತ್ತಿರ ಹತ್ತಿರ 400 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಹೆಚ್ಚಿನದು ಮೊದಲ ಮೂರ್ನಾಲ್ಕು ದಿನದಲ್ಲೇ. ಅದು ಪ್ರೋಟೀನ್, ಯೀಸ್ಟ್, ಹಾಪ್ಸಿನ (ಬಿಯರಿಗೆ ಕಹಿ ಕೊಡುವ ಹೂ) ಅಂಟನ್ನೆಲ್ಲ ಹೊತ್ತು ಮೇಲೇರುತ್ತದೆ. ಈ ನೊರೆಗೇ ಕ್ರೌಸೆನ್ ಅನ್ನುವುದು. ಮೂರು ತುಂಡಿನ ಏರ್‌ಲಾಕಿನ ಕಾಂಡದ ತುದಿಯಲ್ಲಿ ಪುಟ್ಟದೊಂದು ಪ್ಲಾಸ್ಟಿಕ್ ಅಡ್ಡಪಟ್ಟಿ ಇರುತ್ತದಲ್ಲ, ಹಾಪ್ಸ್ ಚೂರು ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದ ಜಾಗ. ಅದನ್ನು ಮೊದಲೇ ಕತ್ತರಿಸಿ ತೆಗೆಯಿರಿ.

ಆಮೇಲೆ ಅದೇ ಏರ್‌ಲಾಕಿನ ಮುಚ್ಚಳ, ಒಳಗಿನ ತೇಲುಬಟ್ಟಲು ಎರಡನ್ನೂ ತೆಗೆದು, ನೊರೆ ಹೊರಹೋಗಲು ನಡುವಿನ ಕೊಳವೆಗೆ ಅರ್ಧ ಇಂಚು ಒಳವ್ಯಾಸದ ಪೈಪ್ ತೂರಿಸಿ. ಕಾರ್ಬಾಯ್‌ಗೆ ಒಂದೂಕಾಲು ಇಂಚು ಹೊರವ್ಯಾಸದ ಪೈಪನ್ನು ನೇರ ಅದರ ಕುತ್ತಿಗೆಗೇ ಸಿಕ್ಕಿಸಬಹುದು, ನನ್ನ ಮಟ್ಟಿಗೆ ಅದೇ ವಾಸಿ, ದಪ್ಪ ಪೈಪು ಕಟ್ಟಿಕೊಳ್ಳುವುದು ಕಮ್ಮಿ. ಇನ್ನೊಂದು ತುದಿ ಸ್ಯಾನಿಟೈಸರ್ ಇರುವ ಜಾಡಿಯಲ್ಲಿ ಎರಡು ಮೂರು ಸೆಂಟಿಮೀಟರ್ ಮುಳುಗಿರಲಿ. ಸ್ಟಾರ್ ಸ್ಯಾನ್ ಎಂಬ ಸ್ಯಾನಿಟೈಸರ್ ಆದರೆ ಲೀಟರ್ ನೀರಿಗೆ 1.5 ಮಿಲಿ. ಜಾಡಿ ಅರ್ಧ ಮಾತ್ರ ತುಂಬಿರಲಿ, ಇಲ್ಲದಿದ್ದರೆ ಅದೂ ಉಕ್ಕುತ್ತದೆ. ಬಕೆಟ್ಟಿಗಿಂತ ಕೆಳಗೇ ಇಡಿ. ಬಿಯರನ್ನು ತಣ್ಣಗಾಗಿಸುವ ಮುಂಚೆ ಪೈಪು ತೆಗೆಯದಿದ್ದರೆ ಒಳಗಿನ ಅನಿಲ ಕುಗ್ಗಿ ಜಾಡಿಯ ನೀರನ್ನು ಬಿಯರಿಗೇ ಎಳೆದುಕೊಳ್ಳುತ್ತದೆ. ನೊರೆ ಇಳಿದ ಮೇಲೆ ತೊಳೆದ ಏರ್‌ಲಾಕ್ ವಾಪಸ್ ಹಾಕಿ.

ಉಕ್ಕು ಅತಿಯಾಗಲು ಮುಖ್ಯ ಕಾರಣ ಬಿಸಿ. ಹುದುಗುವಾಗ ಒಳಗಿನ ತಾಪ ಕೋಣೆಗಿಂತ ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಏರುವುದುಂಟು. 24ರಲ್ಲಿ ಯೀಸ್ಟ್ ಹಾಕಿದರೆ ಕತೆ ಮುಗಿಯಿತು, 18ರಲ್ಲಿ ಹಾಕಿ. ಮಾಮೂಲಿ ಏಲ್ ಬಿಯರ್‌ಗೆ 25 ಲೀಟರಿನ ಬಕೆಟ್ ಸಾಕು. ಗೋಧಿಯ ಹೆಫೆವೈಝನ್‌ಗೆ 30 ಲೀಟರಿನದೇ ಬೇಕು, ಆ ಯೀಸ್ಟು ಉಕ್ಕುವುದರಲ್ಲಿ ಎತ್ತಿದ ಕೈ.

ಚೆಲ್ಲಿತೆಂದು ಬಿಯರ್ ಸುರಿಯಬೇಡಿ. ಅನಿಲ ಹೊರಗೆ ನುಗ್ಗುತ್ತಿರುವಾಗ ಗಾಳಿ ಒಳಹೋಗುವುದು ಕಷ್ಟ. ನೆಲದ ನೊರೆಯನ್ನು ಮಾತ್ರ ಹಸಿಯಿದ್ದಾಗಲೇ ಒರೆಸಿ, ತಡವಾದರೆ ಹಣ್ಣುನೊಣ ಮುತ್ತುತ್ತವೆ. ಬಕೆಟ್ಟಿನಲ್ಲಿ ಒಣಗಿ ಅಂಟಿದ ಉಂಗುರಕ್ಕೆ ಬೆಚ್ಚನೆ ನೀರಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಕರಗಿಸಿ ರಾತ್ರಿಯಿಡೀ ನೆನೆಹಾಕಿ. ಸ್ಟೀಲ್ ನಾರಿನಿಂದ ಉಜ್ಜಿದರೆ ಪ್ಲಾಸ್ಟಿಕ್ ಗೀರುತ್ತದೆ, ಮುಂದಿನ ಸಲ ಬ್ಯಾಕ್ಟೀರಿಯಾ ಕೂರುವುದು ಆ ಗೀರುಗಳಲ್ಲೇ.