ಕಾರಿನೊಳಗಿನ ಮುಗ್ಗಲು ವಾಸನೆ: ಕೆಲಸ ಎಲ್ಲಿಗೆ ಬಂತು

ಜೂನ್ ಕೊನೆ

ಈ ಮಳೆಗಾಲದಲ್ಲಿ ವಾಸನೆಯ ಮೂಲ ಹುಡುಕಿಯೇ ಸಿದ್ಧ ಎಂದು ಹೊರಟಿದ್ದೇನೆ. ಕಾರು ಹಳೆಯ ಹ್ಯಾಚ್‌ಬ್ಯಾಕ್. ಮನೆ ಸುರತ್ಕಲ್ ಕಡೆ. ಕಾರು ನಿಲ್ಲುವುದು ಬಯಲಲ್ಲಿ, ಪಕ್ಕದಲ್ಲೇ ಗಾಳಿಮರಗಳ ಸಾಲು. ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ.

ಮನೆಯಲ್ಲಿ ಎಲ್ಲರೂ ಹೇಳುವುದು ಮೀನಿನ ನೀರು ಚೆಲ್ಲಿದೆ ಅಂತ. ನನಗೆ ಹಾಗನ್ನಿಸುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ, ನಾವು ಮೀನು ಇಳಿಸುವ ದಕ್ಕೆ ಕಡೆ ಹೋಗಿಯೇ ಇಲ್ಲ. ಆದರೂ ಡಿಕ್ಕಿಯನ್ನು ವಿನೆಗರ್ ನೀರಲ್ಲಿ ಒರೆಸಿ ನೋಡಿದೆ. ಮೀನಿನ ವಾಸನೆ ಹುಳಿಗೆ ತಗ್ಗುತ್ತದೆ, ಅಡುಗೆಮನೆಯಲ್ಲಿ ಲಿಂಬೆ ಹಿಂಡುವುದೂ ಅದಕ್ಕೇ ಅಲ್ವಾ? ಇದು ಒಂಚೂರೂ ತಗ್ಗಲಿಲ್ಲ.

ಪೆಟ್ರೋಲ್ ವಾಸನೆ ಅಲ್ಲ, ಅದಾಗಿದ್ದರೆ ಗಾಡಿ ಓಡಿಸುತ್ತಲೇ ಇರಲಿಲ್ಲ. ಎಂಜಿನ್ ತಂಪಾಗಿಡುವ ಕೂಲಂಟ್ ಸೋರಿದರೆ ಬರುವ ಸಿಹಿ ವಾಸನೆಯೂ ಅಲ್ಲ. ಬ್ಯಾಟರಿ ಅತಿಯಾಗಿ ಚಾರ್ಜ್ ಆದರೆ ಬರುವ ಕೊಳೆತ ಮೊಟ್ಟೆಯ ವಾಸನೆಯೂ ಅಲ್ಲ. ಏಸಿ ಹಾಕಿದ ಮೊದಲ ನಿಮಿಷ ಜೋರಾಗಿ ಬಡಿಯುತ್ತದೆ, ಆಮೇಲೆ ಕಮ್ಮಿಯಾಗುತ್ತದೆ. ಇದು ಬೂಷ್ಟು. ಬೂಷ್ಟು ಇದ್ದಲ್ಲಿ ನೀರಿದೆ. ಸುಗಂಧದ ಡಬ್ಬಿ ತೆಗೆದು ಹೊರಗಿಟ್ಟೆ. ಅದಿದ್ದರೆ ಮೂಗಿಗೆ ಏನೂ ಗೊತ್ತಾಗುವುದಿಲ್ಲ.

ಜುಲೈ ಮೊದಲ ವಾರ

ಎಡಗಡೆ ಮುಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಕಾರ್ಪೆಟ್ ಮುಟ್ಟಿದರೆ ಒಣಗಿದ ಹಾಗೇ ಇದೆ. ಅಂಚು ಎತ್ತಿ ಅಡಿಯ ಫೋಮ್ ಒತ್ತಿದೆ. ಬೆರಳುಗಳ ಸಂದಿಯಿಂದ ನೀರು ಬಂತು.

ಮಳೆ ನೀರೋ, ಏಸಿ ನೀರೋ? ಅಡಿಯಲ್ಲಿ ಹಳೆಯ ಉದಯವಾಣಿ ಹಾಳೆ ಹಾಸಿದೆ. ಇಡೀ ರಾತ್ರಿ ಮಳೆ ಹೊಯ್ದರೂ ಹಾಳೆ ಒದ್ದೆಯಾಗಲಿಲ್ಲ. ಮರುದಿನ ಏಸಿ ಹಾಕಿಕೊಂಡು ಉಡುಪಿಗೆ ಹೋಗಿ ಬಂದೆ. ಎಂಜಿನ್ ಕಡೆಯ ಅಂಚಿನಿಂದ ಹಾಳೆ ನೆನೆದಿತ್ತು. ನಮ್ಮ ಊರಿನ ಗಾಳಿಯಲ್ಲಿ ಇಷ್ಟು ತೇವ ಇರುವಾಗ ಏಸಿ ಹಾಕಿದ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಲೇಬೇಕು. ನನ್ನ ಕಾರಿನ ಅಡಿ ಒಂದು ಹನಿಯೂ ಇಲ್ಲ. ಏಸಿ ನೀರನ್ನು ಹೊರಗೆ ಬಿಡುವ ಡ್ರೈನ್ ಪೈಪ್ ಕಟ್ಟಿಕೊಂಡಿದೆ.

ಅದೇ ವಾರ, ಶನಿವಾರ

ಪರಿಚಯದ ಗ್ಯಾರೇಜಿನಲ್ಲಿ ಕಾರು ಎತ್ತಿಸಿದೆವು. ರಬ್ಬರ್ ಪೈಪಿನ ತುದಿಯಿಂದ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಮೆಲ್ಲಗೆ ಒಳಗೆ ತಳ್ಳಿದೆವು. ಗಟ್ಟಿ ಕಂಬಿ ಬೇಡ, ಒಳಗೆ ತೂತಾದರೆ ಕಷ್ಟ. ಮೊದಲು ಕಪ್ಪು ಕೆಸರಿನ ಉಂಡೆ ಬಿತ್ತು. ಅದರ ಹಿಂದೆಯೇ ನೀರು ಧಾರೆಯಾಗಿ ಇಳಿಯಿತು. ಅಷ್ಟು ನೀರು ಒಳಗೆ ನಿಂತಿತ್ತು ಅಂದರೆ ನಂಬುವುದೇ ಕಷ್ಟ.

ಗ್ಲೋವ್ ಬಾಕ್ಸ್ ಹಿಂದಿನ, ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಕಪ್ಪಾಗಿತ್ತು, ಮಡಿಕೆಗಳಲ್ಲಿ ಗಾಳಿಮರದ ಸೂಜಿ ಎಲೆಗಳು. ವೈಪರ್ ಕೆಳಗಿನ ಜಾಲರಿ ಬಿಚ್ಚಿದರೆ ಅಲ್ಲಿ ಇನ್ನೂ ಜಾಸ್ತಿ ಸಿಕ್ಕಿತು. ಎಲ್ಲ ಗುಡಿಸಿ ತೆಗೆದೆವು. ಗಾಳಿ ತಣ್ಣಗಾಗಿಸುವ ಏಸಿಯ ಕೂಲಿಂಗ್ ಕಾಯಿಲ್‌ಗೆ ನೊರೆ ಬರುವ ಕ್ಲೀನರ್ ಹೊಡೆದು, ಅದು ಡ್ರೈನ್‌ನಿಂದ ಇಳಿದ ಮೇಲೆ ಹೊಸ ಫಿಲ್ಟರ್ ಹಾಕಿದೆವು.

ಜುಲೈ ಕೊನೆ, ತುಳುವರ ಆಟಿ ತಿಂಗಳು

ಒಣಗಿಸುವುದೇ ದೊಡ್ಡ ಕೆಲಸ. ಬ್ಯಾಟರಿ ವೈರ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಸೀಟು ಬಿಚ್ಚಿದೆ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದ್ದು, ಅದರ ಹತ್ತಿರ ಅವಸರ ಮಾಡಬಾರದು. ಕಾರ್ಪೆಟ್ ಅಡಿಗೆ ತೆಂಗಿನ ಗೆರಟೆಗಳನ್ನು ಕವುಚಿ ಇಟ್ಟು, ಆ ಸಂದಿಗೆ ಟೇಬಲ್ ಫ್ಯಾನ್ ತಿರುಗಿಸಿದೆ. ಬೇಸಿಗೆಯಾಗಿದ್ದರೆ ಬೇಗ ಆಗುತ್ತಿತ್ತು. ಈಗ ಹಳೆ ಟವೆಲ್ ಒತ್ತುವುದು, ಹಿಂಡುವುದು, ಮತ್ತೆ ಫ್ಯಾನ್. ಅಡುಗೆ ಸೋಡಾ ಉದುರಿಸಲು ಹೇಳುವವರು ತುಂಬ ಜನ. ಒದ್ದೆ ಫೋಮ್ ಮೇಲೆ ಅದು ಬರೀ ಅಂಟಾಗುತ್ತದೆ, ಒಣಗಿದ ಮೇಲೆ ನೋಡೋಣ.

ಆಗಸ್ಟ್

ಫೋಮ್ ಒಣಗಿದೆ, ತಗಡಿಗೆ ತುಕ್ಕು ಹಿಡಿದಿಲ್ಲ. ಏಸಿಯ ಮೊದಲ ನಿಮಿಷದ ಹೊಡೆತ ಪೂರ್ತಿ ಹೋಗಿದೆ, ಎಷ್ಟು ಖುಷಿಯಾಗಿದೆ ಅಂದರೆ ಸುಮ್ನೆ ಒಂದು ಸುತ್ತು ಹೋಗಿ ಬಂದೆ. ಈಗ ಮನೆ ಹತ್ತಿರ ಬರುವಾಗ ಏಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸುತ್ತೇನೆ, ಕಾಯಿಲ್ ಒಣಗಲಿ ಅಂತ.

ಬಿಸಿಲು ಬಿದ್ದಾಗ ಮಾತ್ರ ಇನ್ನೂ ಸಣ್ಣ ಕಮಟು. ಮೂಸಿ ನೋಡಿದರೆ ಸೀಟ್ ಬೆಲ್ಟ್‌ನಲ್ಲಿದೆ. ಮುಂದಿನ ಎರಡನ್ನೂ ಪೂರ್ತಿ ಎಳೆದು, ಒಳಗೆ ಸುತ್ತಿಕೊಳ್ಳದಂತೆ ಕ್ಲಿಪ್ ಹಾಕಿ, ತೆಳು ಸೋಪು ನೀರಲ್ಲಿ ಒರೆಸಿ ಒಣಗಿಸಿದೆ. ಹಿಂದಿನವು ಬಾಕಿ ಇವೆ. ಮಳೆ ಬಿಟ್ಟ ದಿನ ಅವನ್ನೂ ಮುಗಿಸಬೇಕು.